ಜಗತ್ತು ಬಲ್ಲ ಮೈದುನ ಮತ್ತು ಒಂದು ಬೆರಳು ಪಾಯಸ

ಹೆಚ್ಚು ಓದಿದವರನ್ನು ದೇವರು ಹೇಗೋ ಕಾಪಾಡುತ್ತಾನೆ. ಅವರಿಗೆ ಅನ್ನ ಬಡಿಸುವವರ ಗತಿಯನ್ನು ಮಾತ್ರ ಯೋಚಿಸಿದಂತಿಲ್ಲ. ನನ್ನ ಮೈದುನ ಮಾಧವ ಬಿ.ಎ.ಯಲ್ಲಿ ಮೈನರ್ ವಿಷಯವೆಂದು ಅಂತರರಾಷ್ಟ್ರೀಯ ವ್ಯವಹಾರ ಮತ್ತು ಜಗತ್ತಿನ ಸಂಸ್ಕೃತಿಗಳನ್ನು ಆರಿಸಿಕೊಂಡಿದ್ದ. ಮೈನರ್ ಎಂದರೆ ಚಿಕ್ಕದಂತೆ. ಚಿಕ್ಕದೇ ಇಷ್ಟು ಮಾತಾಡಿಸಿದರೆ ದೊಡ್ಡದು ಏನು ಮಾಡೀತು! ರಜೆಗೆ ಶಿಕಾರಿಪುರಕ್ಕೆ ಬಂದನೆಂದರೆ, ನಾನು ರೊಟ್ಟಿ ತಟ್ಟುವ ಪಕ್ಕದಲ್ಲೇ ಕೂತು ಸೂಯೆಜ್ ಕಾಲುವೆಯ ಜಗಳ ಬಿಡಿಸುತ್ತಿದ್ದ. ಅಂಜನಾಪುರದ ಕಾಲುವೆ ನೀರು ನಮ್ಮ ಗದ್ದೆಗೆ ಯಾವಾಗ ಬರುತ್ತದೆಂದು ಕೇಳಿ, ತಿಳಿಯದು. ಸದ್ಯ, ನನಗೆ ಒಬ್ಬನೇ ಮೈದುನ. ನಮ್ಮೂರ ಹನುಮಂತ ಹುಚ್ಚರಾಯಸ್ವಾಮಿ ಅಷ್ಟು ಕರುಣೆ ತೋರಿದ್ದಾನೆ.

ಇವನಿಗೆ ಸೊರಬದ ಹೊಸಬಾಳೆಯಲ್ಲೊಂದು ಹೆಣ್ಣಿತ್ತು. ಅತ್ತೆಗೆ ಮಂಡಿನೋವು, ಯಜಮಾನರಿಗೆ ಕಚೇರಿ. ನಾವಿಬ್ಬರೇ ಸುಮ್ಮನೆ ನೋಡಿ ಬರುವುದೆಂದಾಯಿತು. ಹೊರಡುವಾಗ ಅತ್ತೆ, "ನೋಡೇ, ಉಪ್ಪಿಟ್ಟು ಕಾಫಿಗೆ ಅಡ್ಡಿಲ್ಲ. ಪಾಯ್ಸ ಬಾಯಿಗಿಟ್ರೆ ಮಾತು ಕೊಟ್ಟಂಗೆ. ನಾ ಹುಡ್ಗೀನ ನೋಡೋತನಕ ಅವನ್ ಕೈ ಹಿಡ್ಕಂಡಿರು" ಎಂದರು.

ಅಲ್ಲಿ ಬೇಡವೆಂದರೂ ಕೇಳದೆ ನಮ್ಮಿಬ್ಬರಿಗೂ ಎಲೆ ಹಾಕಿ, ತುದಿಗೆ ಪಾಯಸ ಬಡಿಸಿಯೇಬಿಟ್ಟರು. ಮಾಧವನೋ, ಜಪಾನಿನಲ್ಲಿ ಅತಿಥಿ ಹೇಗೆ ಬಾಗಬೇಕು, ಬಟ್ಟಲು ಹೇಗೆ ತಿರುಗಿಸಬೇಕು ಎಂದು ಎಲೆಯ ಮೇಲೆ ಕೈಯಾಡಿಸುತ್ತ ಶುರುವಿಟ್ಟುಕೊಂಡ. ಆ ಕೈಯ ಮೇಲೇ ನನ್ನ ಕಣ್ಣು. ಆಗ ಬಾಗಿಲ ಮರೆಯಿಂದ ಹುಡುಗಿಯೇ ಕೇಳಿದಳು:

"ಜಪಾನ್ ಇರ್ಲಿ ಬಿಡ್ರೀ. ನಿಮ್ಮತ್ತಿಗೆ ಬೆಳಗಿಂದ ಏನಾರ ತಿಂದಿದಾರಾ, ಅದು ಗೊತ್ತಾ?"

ಮಾಧವ ಕೈ ಹಿಂದೆಗೆದು ಬಾಗಿಲತ್ತ ತಿರುಗಿದ. ಮುಖದಲ್ಲಿ ನಗು ಮೂಡಿತು. ಮುಂಜಾನೆಯ ಬಸ್ಸಿಗೆಂದು ಅವನಿಗೆ ಅವಲಕ್ಕಿ ಕಲಸಿಕೊಟ್ಟು ನಾನು ಬರಿಹೊಟ್ಟೆಯಲ್ಲಿ ಹೊರಟಿದ್ದೆ. ಮದುವೆಯಾಗಿ ಬಂದಾಗಿನಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಣ್ಣು ತುಂಬಿತು. ಒರೆಸಿಕೊಂಡು ನೋಡುತ್ತೇನೆ, ನನ್ನ ಬೆರಳು ಪಾಯಸದಲ್ಲಿತ್ತು. ಒಂದು ಸಲ ಬಾಯಿಗೂ ಹೋಗಿಬಂದಿತ್ತು! "ಶುಭ ಆತು" ಎಂದು ಹುಡುಗಿಯ ಅಜ್ಜಿ ಎಲ್ಲರಿಗೂ ಸಕ್ಕರೆ ಹಂಚಿದರು.

ಮನೆಯಲ್ಲಿ ಸುದ್ದಿ ಕೇಳಿದ ಅತ್ತೆಯ ಮೊದಲ ಪ್ರಶ್ನೆ: "ಪಾಯ್ಸಕ್ಕೆ ಮೊದ್ಲು ಕೈ ಹಾಕಿದ್ದು ಯಾರೋ?"

ಮಾಧವ ನನ್ನತ್ತ ನೋಡಲಿಲ್ಲ. "ಅಮ್ಮಾ, ಒಪ್ಪಂದ ಆದ್ಮೇಲೆ ಮೊದ್ಲು ರುಜು ಹಾಕಿದ್ದು ಯಾರು ಅಂತ ಯಾವ ದೇಶ್ದೋರೂ ಕೇಳಲ್ಲ."

ಇವನದೇ ಕೆಲಸವೆಂದುಕೊಂಡು ಅತ್ತೆ ಅವನನ್ನೇ ಬೈದರು. ಆ ಓದಿನಿಂದ ನಮ್ಮ ಮನೆಗಾದ ಲಾಭ ಇದೊಂದೇ. ಅದೂ ನನಗೇ ಆಯಿತು. ನಿಜ ಒಪ್ಪಿಕೊಳ್ಳಬೇಕೆಂದು ನನಗೂ ಬಲವಾಗಿ ಅನ್ನಿಸಿತು. ಶನಿವಾರ ಗುಡಿಗೆ ಹೋಗಿ ಸ್ವಾಮಿಯ ಮುಂದೆ ಒಪ್ಪಿಕೊಂಡೆ.