ಜೊಳ್ಳಿಲ್ಲದ ಸಿನಿಮಾ

ತ್ರಿವೇಣಿಗೆ ಸಿಟ್ಟು ಬಂದಿತ್ತು. ಸಣ್ಣಪುಟ್ಟ ಸಿಟ್ಟಲ್ಲ, ಉಕ್ಕಿ ಬಂದ ಹಾಲು ಹೆದರಿ ತಾನಾಗಿಯೇ ಕೆಳಗಿಳಿಯುವಂಥ ಸಿಟ್ಟು. ಬರದೆ ಏನು ಮಾಡೀತು? ಇಳಕಲ್ ಸೀರೆ ಉಟ್ಟು, ಮುಡಿಗೆ ಎರಡು ಮೊಳ ಮಲ್ಲಿಗೆ ಏರಿಸಿ, ಕಂಪ್ಲಿ ಬಸ್ ಸ್ಟ್ಯಾಂಡಿನವರೆಗೆ ಬಿಸಿಲಲ್ಲಿ ನಡೆದು, ಹೊಸಪೇಟೆ ಬಸ್ಸಿನ ಮೆಟ್ಟಿಲ ಮೇಲೆ ಬಲಗಾಲನ್ನೂ ಇಟ್ಟಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಗಂಡ ಜಡೆಪ್ಪನ ದನಿ.

“ಲೇ, ಇಳಿ ಇಳಿ! ಈಗ ಯಾವನೋ ಒಂದ ಸ್ಟಾರ್ ಕೊಟ್ಟಾನ.”

“ಕೊಟ್ರ ಕೊಡವಲ್ಲನ್ಯಾಕ! ಅವನೇನು ನಮ್ಮ ಬೀಗನೇನ್ರಿ?”

“ಅಕ್ಕಾರ, ಹತ್ತೋದಾದ್ರ ಹತ್ರಿ, ಇಳಿಯೋದಾದ್ರ ಇಳೀರಿ,” ಎಂದ ಕಂಡಕ್ಟರು ಸೀಟಿ ಊದಿದ. ತ್ರಿವೇಣಿ ಇಳಿದಳು. ಬಸ್ಸು ಹೋಯಿತು. ಸಿನಿಮಾಕ್ಕೆಂದು ಹೊರಟು ಬಸ್ ಸ್ಟ್ಯಾಂಡಿನಿಂದ ವಾಪಸಾದದ್ದು ಮೂರು ವರ್ಷದಲ್ಲಿ ಇದು ಹನ್ನೊಂದನೆಯ ಸಲ. (ಹೂವಿನ ಪಾರ್ವತೆವ್ವ ಈಗೀಗ ತ್ರಿವೇಣಿಯನ್ನು ಕಂಡರೆ “ಹೋಗಿ ಬರೂದೋ, ಬರೇ ಬರೂದೋ?” ಎಂದು ಕೇಳಿಯೇ ಹೂವು ಅಳೆಯುತ್ತಾಳೆ.)

ಜಡೆಪ್ಪನಿಗೆ ಈ ರೋಗ ಅಂಟಿದ್ದು ರೈಸ್ ಮಿಲ್ಲಿನಿಂದ. ಮಿಲ್ಲಿಗೆ ಬರುವ ಭತ್ತವನ್ನು ಪರೀಕ್ಷೆ ಮಾಡುವುದು ಅವನ ಇಪ್ಪತ್ತೆರಡು ವರ್ಷದ ಕೆಲಸ. ಚೂಪುಮೂತಿಯ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಬಂದ ಕಾಳನ್ನು ಅಂಗೈಯಲ್ಲಿ ಉಜ್ಜಿ, ಊದಿ, ಎರಡು ಕಾಳು ಹಲ್ಲಿಗೆ ಹಾಕಿ ಕಟಕ್ ಅನ್ನಿಸಿ ಇಡೀ ಲಾರಿಯ ಜಾತಕ ಹೇಳುತ್ತಾನೆ. ಮೇಲಿನ ಚೀಲವನ್ನು ಮಾತ್ರ ನಂಬುವುದಿಲ್ಲ. ಜನ ಒಳ್ಳೆಯ ಮಾಲನ್ನು ಮೇಲಿಟ್ಟು ಜೊಳ್ಳನ್ನು ತಳಕ್ಕೆ ತಳ್ಳಿರುತ್ತಾರೆಂಬುದು ಅವನ ವೇದಾಂತ. ಅದು ಮಿಲ್ಲಿನಲ್ಲೇ ಇದ್ದಿದ್ದರೆ ಯಾರ ತಕರಾರೂ ಇರಲಿಲ್ಲ. ಈ ಮಹಾನುಭಾವ ಮೊಬೈಲಿಗೂ ಕೊಳವೆ ಚುಚ್ಚಲು ಶುರುಮಾಡಿದ. ಸಿನಿಮಾ ನೋಡಿದವರು ಬರೆದದ್ದರಲ್ಲಿ ಮೇಲಿನ ನಾಲ್ಕು, ನಡುವಿನ ನಾಲ್ಕು, ತಳದ ನಾಲ್ಕು ಓದುವುದು, ಒಂದು ಕೆಟ್ಟದ್ದು ಸಿಕ್ಕರೆ ಇಡೀ ಲಾರಿ ವಾಪಸ್ಸು!

ಹತ್ತು ಸಲ ತ್ರಿವೇಣಿ ಹಲ್ಲು ಕಚ್ಚಿ ಸಹಿಸಿದ್ದಳು. ಹನ್ನೊಂದನೆಯದನ್ನು ಹೇಗೆ ಸಹಿಸಬೇಕು? ಈ ಸಿನಿಮಾದಲ್ಲಿ ಸ್ವತಃ ತಾನೇ ಇದ್ದಳಲ್ಲ!

ಹೋದ ವರ್ಷ ತವರೂರು ಬುಕ್ಕಸಾಗರಕ್ಕೆ ಹೋಗಿದ್ದಾಗ ಅಣ್ಣನ ಗದ್ದೆಯಲ್ಲಿ ಶೂಟಿಂಗ್ ನಡೆದಿತ್ತು. ಕನ್ನಡಕದ ಹುಡುಗನೊಬ್ಬ ಬಂದು, “ಮೇಡಂ, ಈ ಬುಟ್ಟಿ ತಲೆ ಮೇಲಿಟ್ಕೊಂಡು ಬದುವಿನ ಮೇಲೆ ಹಾಗೇ ನಡ್ಕೊಂಡು ಹೋಗ್ಬಿಡಿ, ಕ್ಯಾಮೆರಾ ಮಾತ್ರ ನೋಡ್ಬೇಡಿ” ಎಂದಿದ್ದ. ಹುಟ್ಟಿದಾಗಿನಿಂದ ಅವಳನ್ನು ಯಾರೂ ಮೇಡಂ ಅಂದಿರಲಿಲ್ಲ. ತ್ರಿವೇಣಿ ನಡೆದಳು. ಏಳು ಸಲ ನಡೆಸಿದರು, ಏಳು ಸಲವೂ ನಡೆದಳು. ಅಂದಿನಿಂದ ಒಂದೇ ಆಸೆ, ದೊಡ್ಡ ಪರದೆಯ ಮೇಲೆ ತನ್ನ ಮುಖವನ್ನು ಒಂದು ಸಲ ಕಣ್ತುಂಬ ನೋಡಬೇಕು. ಆ ಸಿನಿಮಾ ಈಗ ಹೊಸಪೇಟೆಗೆ ಬಂದಿತ್ತು, ಗುರುವಾರ ಅದರ ಕಡೆಯ ದಿನ.

“ನಾ ಅದೀನ್ರಿ ಅದ್ರಾಗ!” ಎಂದಳು ಮನೆಗೆ ಬಂದು, ಮಲ್ಲಿಗೆಯನ್ನು ಕಿತ್ತು ದೇವರ ಫೋಟೋಕ್ಕೆ ಎಸೆಯುತ್ತ. (ದೇವರಿಗೆ ಆ ಮನೆಯಲ್ಲಿ ಹೂವು ಸಿಗುವುದು ಹೀಗೆಯೇ.)

“ನಿನ್ನ ಮುಖ ದಿನಾ ಪುಕ್ಕಟೆ ನೋಡ್ತೀನಿ. ಟಿಕೆಟ್ ತಗದು ಯಾಕ ನೋಡ್ಲಿ?”

“ನೀವು ನೋಡಬ್ಯಾಡ್ರಿ, ಕಣ್ಣು ಮುಚ್ಚಿಕೊಂಡು ಕುಂದ್ರಿ. ನಾ ನೋಡ್ತೀನಿ.”

“ನಿನ್ನ ಮುಖ ನೋಡಾಕ ಮನ್ಯಾಗ ಕನ್ನಡಿ ಇಲ್ಲೇನು?”

ತ್ರಿವೇಣಿ ಆ ದಿನ ರೊಟ್ಟಿ ಬಡಿದ ಸದ್ದು ಕೇಳಿ ಆಚೆಮನೆಯವರು ಬಾಗಿಲಿಗೆ ಬಂದು ನೋಡಿದರು.

ಒಬ್ಬಳೇ ಹೋಗಬಾರದಿತ್ತೆ ಎಂದು ನೀವು ಕೇಳಬಹುದು. ಹೋಗಬಹುದಿತ್ತು. ಆದರೆ ಛಲವೆಂಬುದೊಂದಿದೆಯಲ್ಲ. ಪರದೆಯ ಮೇಲೆ ತಾನು ಬಂದ ಗಳಿಗೆಯಲ್ಲಿ ಪಕ್ಕದಲ್ಲಿ ಈ ಮನುಷ್ಯ ಕೂತಿರಬೇಕು, ಅವನ ಬಾಯಿ ಮುಚ್ಚಿರಬೇಕು. ಅವಳಿಗೆ ಬೇಕಾದದ್ದು ಅದು.

ಮಂಗಳವಾರ ಸ್ತ್ರೀಶಕ್ತಿ ಸಂಘದ ಸಭೆ. ಹಪ್ಪಳದ ಮಾತು ಮುಗಿದದ್ದೇ ತಡ, ತ್ರಿವೇಣಿ ಎದ್ದು ನಿಂತು ತನ್ನ ಸಂಕಟವನ್ನೆಲ್ಲ ಕಾರಿದಳು. ಪಕ್ಕದ ಓಣಿಯ ಊರಮ್ಮನಿಗೆ ಕೇಳಿಯೇ ಕಣ್ಣು ಕೆಂಪಾಯಿತು.

“ತ್ರಿವೇಣಕ್ಕ, ಅವರಿವರು ಬರದದ್ದು ಓದಿ ನಿನ್ನ ಗಂಡ ನಿನ್ನ ಮನ್ಯಾಗ ಕುಂದ್ರಸ್ತಾನಲ್ಲ, ನಾವ ಬರಿಯಾನ ತಗಿ! ನಿನ್ನ ಬಿಟ್ಟು ಇಪ್ಪತ್ತು ಮಂದಿ ಅದೀವಿ, ಇಪ್ಪತ್ತು ಫೋನ್ ಅದಾವು.”

ಸ್ವಂತ ಹೆಸರು ಹಾಕದೆ ಬರೆದೇ ಬಿಟ್ಟರು. ‘ಬಂಗಾರದಂಥ ಸಿನಿಮಾ’, ‘ಮನಿ ಮಂದಿಯೆಲ್ಲಾ ಕುಂತು ನೋಡ್ರಿ’, ‘ಸೂಪರ್ ಸೂಪರ್ ಸೂಪರ್’. ಇಪ್ಪತ್ತಕ್ಕೆ ಇಪ್ಪತ್ತೂ ಐದು ಸ್ಟಾರು, ಮೊದಲಿನ ಆ ಒಂದು ಸ್ಟಾರು ಇವುಗಳ ನಡುವೆ ಎಲ್ಲೋ ಹೂತುಹೋಯಿತು. ಸಂಜೆ ಜಡೆಪ್ಪ ಚಹಾ ಕುಡಿಯುತ್ತ ಮೊಬೈಲಿಗೆ ಕೊಳವೆ ಚುಚ್ಚಿದ. ಹುಬ್ಬು ಗಂಟಾಯಿತು.

“ಒಂದ ಜೊಳ್ಳೂ ಇಲ್ಲಲ್ಲೇ ಇದ್ರಾಗ! ಜೊಳ್ಳಿಲ್ಲದ ಭತ್ತ ಭೂಮಿ ಮ್ಯಾಲ ಬೆಳದಿಲ್ಲ. ಯಾರೋ ತೂರಿ, ಕೇರಿ, ಮ್ಯಾಲಿನ ಚೀಲಕ್ಕ ತುಂಬಿಟ್ಟ ಮಾಲಿದು. ನನಗ ಟೋಪಿ ಹಾಕಾಕ ನೋಡ್ತಾರ, ಕಳ್ಳರು!”

ಕಳ್ಳರ ನಾಯಕಿ ಎದುರಿಗೇ ನಿಂತು ಬೆಲ್ಲ ಕುಟ್ಟುತ್ತಿದ್ದಳು. ಸಿಟ್ಟು ನೆತ್ತಿಗೇರಿದರೂ ಒಂದು ಮಾತು ಹೊಳೆಯಿತು. ಜೊಳ್ಳು ಬೇಕೇನಪ್ಪಾ ನಿನಗೆ? ತಗೋ.

ಮರುದಿನ ಬೆಳಿಗ್ಗೆಯೇ ಸಂಘಕ್ಕೆ ಅಪ್ಪಣೆ ಹೋಯಿತು. ಎಲ್ಲರೂ ಬರೆದದ್ದನ್ನು ತಿದ್ದಬೇಕು, ಹೊಗಳಿಕೆಯ ಜೊತೆ ಒಂದೊಂದು ಹಿಡಿ ಜೊಳ್ಳು ಬೆರೆಸಬೇಕು. ಹೆಣ್ಣುಮಕ್ಕಳಿಗೆ ತಪ್ಪು ಹುಡುಕುವುದನ್ನು ಹೇಳಿಕೊಡಬೇಕೆ? (ಇದು ಜಡೆಪ್ಪನ ಮಾತು, ನನ್ನದಲ್ಲ.) ‘ಕತಿ ಮಸ್ತ್ ಐತಿ, ಹೀರೋಗ ಮೀಸಿ ಒಪ್ಪಂಗಿಲ್ಲ.’ ‘ಹಾಡು ಚಲೋ ಅದಾವು, ಸಮೋಸ ಆರಿತ್ತು.’ ಊರಮ್ಮ ಬರೆದಳು: ‘ಅತ್ತು ಅತ್ತು ಸೆರಗು ತೊಯ್ತು, ಆದ್ರ ಫ್ಯಾನ್ ತಿರುಗಂಗಿಲ್ಲ.’

ಜಡೆಪ್ಪ ಮೇಲೆ ಚುಚ್ಚಿದ, ನಡುವೆ ಚುಚ್ಚಿದ, ತಳಕ್ಕೆ ಚುಚ್ಚಿದ. ಮುಖ ಅರಳಿತು. “ಹಾಂ! ಇದಪಾ ಮಾಲು ಅಂದ್ರ! ಹದವಾಗಿ ಜೊಳ್ಳು ಐತಿ. ಫ್ಯಾನ್ ತಿರುಗಂಗಿಲ್ಲ ಅಂತ ಬರದಾಳಲ್ಲ, ಆಕಿ ಖರೇ ಮನುಷ್ಯಾಳು. ನಾಳಿ ನಡಿ, ಹೋಗಾನ.”

ತ್ರಿವೇಣಿ ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಕುಣಿದಳು.

ಗುರುವಾರ ಮಧ್ಯಾಹ್ನ ಮತ್ತೆ ಇಳಕಲ್ ಸೀರೆ, ಮತ್ತೆ ಎರಡು ಮೊಳ ಮಲ್ಲಿಗೆ. ಬಸ್ಸು ನಿಂತಿತ್ತು. ಜಡೆಪ್ಪ ಮಾತ್ರ ಫುಟ್‌ಪಾತಿನ ಮೇಲೆ ನಿಂತು, “ತಡಿ, ಕಡೀ ಸ್ಯಾಂಪಲ್ ಒಂದ ತಗೀತೀನಿ” ಎಂದು ಮೊಬೈಲಿಗೆ ಮೂಗು ತಾಗಿಸಿದ. ಅವನು ಕಾಳು ಕಚ್ಚಿ ಮುಗಿಸುವಷ್ಟರಲ್ಲಿ ಬಸ್ಸು ಹೋಯಿತು. ಮುಂದಿನದಕ್ಕೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ತ್ರಿವೇಣಿ ಅವನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಹೊಸಪೇಟೆಯ ಆ ಥಿಯೇಟರು ಪುಟ್ಟದು, ನೂರಾ ಹತ್ತೇ ಸೀಟು. ಬುಧವಾರದವರೆಗೆ ಆ ಸಿನಿಮಾಕ್ಕೆ ಒಂದು ಆಟಕ್ಕೆ ಏಳು ಜನ ಬಂದರೆ ಹೆಚ್ಚು. ಇವರು ಹೋಗಿ ನೋಡಿದರೆ ಗೇಟಿನಲ್ಲಿ ಹೌಸ್‌ಫುಲ್ ಬೋರ್ಡು ತೂಗುತ್ತಿತ್ತು. ಅದರ ಮೇಲಿನ ಧೂಳನ್ನು ಆಗ ತಾನೆ ಒರೆಸಿದ್ದರು.

“ಹೌಸ್‌ಫುಲ್ಲಾ? ಹೆಂಗ?” ತ್ರಿವೇಣಿ ಚೀರಿದಳು.

“ಅದ ನಮಗೂ ತಿಳಿವಲ್ದು ಅಮ್ಮಾರ,” ಎಂದ ಗೇಟಿನ ಮೂಕಣ್ಣ. “ಕಂಪ್ಲಿಯಿಂದ ಬಂದಾರ ನೋಡ್ರಿ, ಇಪ್ಪತ್ತು ಹೆಣ್ಮಕ್ಳು. ಗಂಡಂದಿರು, ಅತ್ತೆಗಳು, ಮಕ್ಕಳು, ಜಾತ್ರಿ ಬಂದಂಗ ಬಂದ್ರು.”

ತ್ರಿವೇಣಿ ಕಂಬ ಹಿಡಿದುಕೊಂಡಳು. ಆದದ್ದು ಇಷ್ಟೇ. ತಾನು ಬರೆದದ್ದು ಸುಳ್ಳೆಂದು ಸಂಘದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಆದರೆ ಒಬ್ಬೊಬ್ಬಳೂ ಉಳಿದ ಹತ್ತೊಂಬತ್ತನ್ನು ಓದಿ, ‘ಇಷ್ಟು ಮಂದಿ ಅಂತಾರಂದ್ರ ಚಲೋನ ಇರಬೇಕು’ ಎಂದು ನಂಬಿ, ಮನೆಮಂದಿಗೂ ಓದಿ ತೋರಿಸಿ, ಎಲ್ಲರನ್ನೂ ಕಟ್ಟಿಕೊಂಡು ಬಂದಿದ್ದಳು.

“ನೋಡಿದಿ?” ಎಂದ ಜಡೆಪ್ಪ, ಎದೆ ಉಬ್ಬಿಸಿ. “ನನ್ನ ಸ್ಯಾಂಪಲ್ ಎಂದಾದ್ರೂ ಸುಳ್ಳಾಗೇತೇನು?”

ಅವನು ಎದುರಿನ ಬಂಡಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಹೇಳಿದ. ತಾನು ತಿಂದ, ಅವಳ ಪಾಲಿನದನ್ನೂ ತಿಂದ. ತ್ರಿವೇಣಿ ಥಿಯೇಟರಿನ ಗೋಡೆಗೆ ಕಿವಿ ಕೊಟ್ಟು ನಿಂತಳು. ಒಳಗೆ ತನ್ನ ಮುಖ ಈಗ ಬಂತೋ, ಆಗ ಬಂತೋ. ಕಣ್ಣಲ್ಲಿ ನೀರು ಬಂತು. ಮಿರ್ಚಿಯ ಘಾಟು ಎಂದಳು.

ಆಟ ಬಿಟ್ಟಿತು. ಸಂಘ ಹೊರಬಂತು. ಎಲ್ಲರ ಮುಖವೂ ಬೆವೆತು, ಊದಿ, ಕೆಂಪಗಾಗಿತ್ತು. ಊರಮ್ಮ ನೆಟ್ಟಗೆ ತ್ರಿವೇಣಿಯ ಮೇಲೇ ಬಂದಳು.

“ನಿನ್ನ ಮಾತು ಕೇಳಿ ಬಂದ್ನೆವ್ವಾ! ಕತಿ ಇಲ್ಲ, ಸುಡುಗಾಡಿಲ್ಲ. ಖರೇನ ಫ್ಯಾನೂ ತಿರುಗಲಿಲ್ಲ! ನಮ್ಮತ್ತಿ ನನ್ನ ಮನಿಗೆ ಹ್ವಾದಮ್ಯಾಲ ನೋಡ್ಕೊಂತೀನಿ ಅಂದಾಳ.”

“ಅದಿರ್ಲಿ ಊರಮ್ಮ, ನಾ ಬಂದ್ನೇನು? ಹೆಂಗ ಕಾಣ್ತಿದ್ದೆ?”

“ನೀನೆಲ್ಲಿ ಬಂದೀಯವ್ವ? ಬುಟ್ಟಿ ಬಂದೈತಿ. ಬುಟ್ಟಿ ಕೆಳಗ ಬೆನ್ನು ಬಂದೈತಿ. ಮುಖ ಆ ಕಡೆ!”

ಕ್ಯಾಮೆರಾ ನೋಡಬೇಡಿ ಅಂದಿದ್ದ ಆ ಕನ್ನಡಕದ ಹುಡುಗ. ಏಳು ಸಲವೂ ತ್ರಿವೇಣಿ ಅವನ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟಿದ್ದಳು.

ಕಂಪ್ಲಿಯ ಬಸ್ಸಿನಲ್ಲಿ ಸಂಘದವರೆಲ್ಲ ಅವಳಿಗೆ ಬೆನ್ನು ಹಾಕಿ ಕೂತರು. ಎರಡು ಸೀಟು ಮುಂದೆ ಊರಮ್ಮ ಮೊಬೈಲನ್ನು ಹೆಬ್ಬೆರಳಿನಿಂದ ತಿವಿಯುತ್ತಿದ್ದಳು. ಬುಕ್ಕಸಾಗರ ದಾಟುವಾಗ ಜಡೆಪ್ಪನ ಮೊಬೈಲು ಟಿಂಗ್ ಎಂದಿತು. ಅವನು ಓದಿ ತೊಡೆ ತಟ್ಟಿಕೊಂಡ.

“ಲೇ, ಟಿಕೆಟ್ ಸಿಗದ್ದ ಚಲೋ ಆತು! ಆ ಖರೇ ಮನುಷ್ಯಾಳು, ಫ್ಯಾನಿನಾಕಿ, ಮತ್ತ ಬರದಾಳ ನೋಡು. ‘ದುಡ್ಡು ದಂಡ, ಯಾರೂ ಹೋಗಬ್ಯಾಡ್ರಿ. ಇಡೀ ಸಿನಿಮಾದಾಗ ಚಲೋ ಇದ್ದದ್ದು ಒಂದು ಬುಟ್ಟಿ. ಬುಟ್ಟಿಗೆ ಒಂದು ಸ್ಟಾರ್.’”

ತ್ರಿವೇಣಿ ಕಿಟಕಿಯ ಆಚೆ ಅಣ್ಣನ ಗದ್ದೆಯ ಕಡೆಗೇ ನೋಡುತ್ತಿದ್ದಳು. ಜಡೆಪ್ಪ ಇನ್ನೊಮ್ಮೆ ಓದಿದ, ಗಲ್ಲ ತುರಿಸಿಕೊಂಡ, ಮೆಲ್ಲಗೆ ಅವಳ ಮೊಣಕೈ ತಿವಿದ.

“ಅಲ್ಲಲೇ, ಆ ಬುಟ್ಟಿ ಇನ್ನೂ ನಿಮ್ಮಣ್ಣನ ಮನ್ಯಾಗ ಐತೇನು? ಮಿಲ್ಲಿಗೆ ಒಂದು ಬೇಕಾಗಿತ್ತು.”