ಸಿಂಹಾಯದ ಬಾಗಿಲು ಮತ್ತು ವಿಲಾಯತಿಯ ಚೀಟಿ

ನನ್ನ ಮುತ್ತಜ್ಜ ಶಿವಲಿಂಗಪ್ಪ, ವರದಾ ನದಿಯ ಕೆಸರಿನಲ್ಲಿ ಅಚ್ಚು ಮುರಿದು ಕೂತಿದ್ದ ಮಾಮಲೇದಾರರ ಗಾಡಿಗೆ, ಮಾಮಲೇದಾರರನ್ನು ಕೆಳಗಿಳಿಸದೆಯೇ ಹೊಸ ಅಚ್ಚು ಹಾಕಿದವನು. ಅಜ್ಜ ದ್ಯಾಮಪ್ಪ ಮಾಡಿದ ಗಾಡಿಚಕ್ರ ಮೂರು ಜೋಡಿ ಎತ್ತುಗಳನ್ನು ಮುದಿ ಮಾಡಿತು, ತಾನು ಮಾತ್ರ ಮುದಿಯಾಗಲಿಲ್ಲ! ಅಪ್ಪ ಮಡಿವಾಳಪ್ಪ ನಿಂತ ಮರವನ್ನು ಬೆರಳಿನಿಂದ ತಟ್ಟಿ, ಇದರೊಳಗೆ ಎಷ್ಟು ಹಲಗೆ, ಎಷ್ಟು ಪೊಳ್ಳು ಎಂದು ಹೇಳುತ್ತಿದ್ದ. ನನಗೆ ಆರು ವರ್ಷವಿದ್ದಾಗ ಅವನು ತೀರಿಕೊಂಡ. ಹೀಗಾಗಿ ನನಗೆ ಬಡಗಿತನ ಕಲಿಸಿದ ಗುರುಗಳೆಂದರೆ ಉಳಿ, ಬಾಚಿ ಮತ್ತು ಅವು ಕೊಟ್ಟ ಗಾಯಗಳು.

ಇಂಥ ವಂಶದ ಕುಡಿಯಾದ ಅಂದಾನಪ್ಪನೆಂಬ ನಾನು, ಸಾವಿರದ ಒಂಬೈನೂರ ಅರವತ್ತಮೂರರಲ್ಲಿ, ಐವತ್ತೆರಡನೆಯ ವಯಸ್ಸಿಗೆ, ಒಂದು ಘನವಾದ ನಿರ್ಧಾರ ಮಾಡಿದೆ. ವಿಲಾಯತಿಗೆ ಹೋಗಬೇಕು! ಅಲ್ಲಿಯ ಜನರಿಗೆ ಬಾಗಿಲು ಎಂದರೆ ಏನೆಂದು ತೋರಿಸಬೇಕು!

ಇದಕ್ಕೆ ಕಾರಣ ಶಾಲೆಯ ಮಧುಕೇಶ್ವರ ಮಾಸ್ತರರು. ಬನವಾಸಿಯ ಹತ್ತಿರದ ನಮ್ಮ ಊರಿನಲ್ಲಿ ಪತ್ರಿಕೆ ಓದಿ ಹೇಳುವವರು ಅವರೊಬ್ಬರೇ.

"ಅಂದಾನಪ್ಪಣ್ಣ, ಇಂಗ್ಲೆಂಡಿಗೆ ದುಡ್ಯಾಕ ಹೋಗೋರಿಗೆ ಪರವಾನಗಿ ಚೀಟಿ ಕೊಡ್ತಾರಂತ. ಮೂರು ವರ್ಗ. ಅಲ್ಲಿ ಕೆಲಸ ಮೊದಲೇ ಗಟ್ಟಿ ಆದವರು 'ಎ'. ಕಸಬು ಬಲ್ಲವರು 'ಬಿ'. ಉಳಿದವರೆಲ್ಲಾ 'ಸಿ'."

"ನಾ 'ಬಿ'!" ಎಂದು ಎದ್ದು ನಿಂತೆ.

"ಕುವೈತಿಗೂ ಮಂದಿ ಹೊಂಟಾರ, ನೋಡು."

"ಬರೇ ಉಸುಕ ಇರೋ ಊರಾಗ ಬಡಿಗ್ಯಾಗ ಏನ್ ಕೆಲಸ್ರಿ? ಒಂಟಿಗೆ ಬಾಗಲಾ ಹಚ್ಚಲೇನು?"

"ಆತು, 'ಬಿ' ಅಂತ ಇಟ್ಕೊ. ಅದಕ್ಕ ಪ್ರಮಾಣಪತ್ರ ಬೇಕು. ಎಲ್ಲಿ ಕಲ್ತಿ?"

ಅಂಗೈ ಚಾಚಿ ಗಾಯದ ಗುರುತುಗಳನ್ನು ತೋರಿಸಿದೆ.

"ಇದನ್ನ ಟಪಾಲಿನಾಗ ಕಳಸಾಕ ಬರೂದಿಲ್ಲ ಮಾರಾಯ! ಸಿದ್ದಾಪುರದಾಗ ಶಾಂತಾರಾಮ ನಾಯ್ಕರು ಅಂತ ಅದಾರ. ಮೂವತ್ತು ವರ್ಷ ಸರ್ಕಾರಿ ಓವರ್ಸಿಯರ್ ಆಗಿದ್ದವರು. ಅವರು ಕೆಲಸ ನೋಡಿ ಬರಕೊಟ್ರ ಆ ಕಾಗದಕ್ಕ ತೂಕ ಇರತೈತಿ."

ಮನೆಗೆ ಬಂದು ಹೆಂಡತಿ ನೀಲಗಂಗವ್ವನಿಗೆ ಸುದ್ದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ವಿಲಾಯತಿಗೆ ಹೋಗಿ ಏನ್ ಮಾಡ್ತೀರಿ?"

"ಬಾಗಲಾ ಮಾಡ್ತೇನಿ."

"ಅವರಿಗೂ ಬಿದಿರಿನ ತಟ್ಟಿ ಕಟ್ಟಿ ಬರ್ತೀರೇನು?"

ಈ ಮಾತಿನ ಹಿಂದೆ ನಮ್ಮ ಮದುವೆಯಷ್ಟೇ ಹಳೆಯ, ಹದಿನೆಂಟು ವರ್ಷಗಳ ಇತಿಹಾಸವಿದೆ. ಸಿರಸಿಯಿಂದ ಯಲ್ಲಾಪುರದವರೆಗೆ ನನ್ನ ಕೈಯ ಬಾಗಿಲಿಲ್ಲದ ಊರಿಲ್ಲ. ಆದರೆ ನಮ್ಮ ಮನೆಯ ಮುಂಬಾಗಿಲಿಗೆ ಇದ್ದದ್ದು ಒಂದು ತಟ್ಟಿ, ಅದರ ಮೇಲೊಂದು ಗೋಣಿಚೀಲ. ನಾಳೆ ಮಾಡುತ್ತೇನೆ ಎಂದು ನಾನು ಹೇಳುತ್ತಲೇ ಇದ್ದೆ. ನಾಯಿಗಳು ಒಳಗೆ ಬರುತ್ತಲೇ ಇದ್ದವು.

ಮರುದಿನ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋಗಿ ನಾಯ್ಕರೆದುರು ನನ್ನ ಹಿರಿಮೆಯನ್ನು ಅರ್ಧ ತಾಸು ಬಿಡದೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ನಿನ್ನ ಮನೆ ಬಾಗಿಲು ಎಂತ ಮರದ್ದು?"

ನಾನು ತಲೆಯೆತ್ತಿ ಅವರ ಮನೆಯ ತೊಲೆಗಳನ್ನು ಎಣಿಸತೊಡಗಿದೆ! ನಾಯ್ಕರು ಅಷ್ಟಕ್ಕೇ ಎಲ್ಲ ಅರ್ಥ ಮಾಡಿಕೊಂಡರು. ನಮ್ಮ ಬಾಗಿಲಗಂಡಿಯ ಅಳತೆ ಕೇಳಿ, ಹಾಳೆಯ ಮೇಲೆ ಚೌಕಟ್ಟಿನ ನಕ್ಷೆ ಬರೆದುಕೊಟ್ಟರು. ಎತ್ತರ ಎಪ್ಪತ್ತೆಂಟು ಇಂಚು, ಅಗಲ ಮೂವತ್ತಾರು.

"ಇದೇ ಅಳತೆಗೆ ಬಾಗಿಲು ಮಾಡಿ ಕೂರಿಸು. ಎಂಟು ದಿನ ಬಿಟ್ಟು ಬಂದು ನೋಡ್ತೆ. ಸರಿ ಇದ್ದರೆ ಅಲ್ಲೇ ಬರೆದು ಕೊಡ್ತೆ."

ಎಂಟು ದಿನ! ನನಗೆ ಐದೇ ಸಾಕಿತ್ತು. ಅಟ್ಟದ ಮೇಲೆ ಒಣಗಿಸಿಟ್ಟಿದ್ದ ಹಲಸಿನ ಹಲಗೆ ಇಳಿಸಿದೆ, ಉಳಿ ಮಸೆದೆ, ಸೀಸದಕಡ್ಡಿ ಕಿವಿಗೆ ಸಿಕ್ಕಿಸಿಕೊಂಡೆ. ಮರ ಕೊಯ್ಯುವ ಮೊದಲು ಆಯ ನೋಡಬೇಕಲ್ಲ, ನೋಡಿದೆ. ಸೀಸದಕಡ್ಡಿ ಕೆಳಗಿಟ್ಟೆ!

ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವುದೇ ಆಯ. ಒಂದು ಉಳಿದರೆ ಧ್ವಜ, ಮೂರಾದರೆ ಸಿಂಹ, ಐದಕ್ಕೆ ಎತ್ತು, ಏಳಕ್ಕೆ ಆನೆ. ಇವು ಮನೆಗೆ ಒಳ್ಳೆಯವು. ಎರಡು, ನಾಲ್ಕು, ಆರು ಉಳಿದರೆ ಹೊಗೆ, ನಾಯಿ, ಕತ್ತೆ. ಏನೂ ಉಳಿಯದಿದ್ದರೆ ಕಾಗೆ! ಓವರ್ಸಿಯರ್ ಸಾಹೇಬರ ಅಳತೆಯಲ್ಲಿ ಏನೂ ಉಳಿಯಲಿಲ್ಲ. ಮೂರು ಸಲ ಗುಣಿಸಿದೆ. ಮೂರು ಸಲವೂ ಕಾಗೆಯೇ ಬಂದು ಕೂತಿತು.

ಊರವರ ಮನೆಗೆ ಸಿಂಹ, ಆನೆ ಕೂರಿಸಿದ ನಾನು ನನ್ನ ಹೊಸ್ತಿಲಿಗೆ ಕಾಗೆ ಕೂರಿಸಲೇ? ಸಾಧ್ಯವಿಲ್ಲ! ಎತ್ತರಕ್ಕೆ ಒಂದಿಂಚು, ಅಗಲಕ್ಕೆ ಒಂದಿಂಚು ಸೇರಿಸಿದೆ. ಎಪ್ಪತ್ತೊಂಬತ್ತು, ಮೂವತ್ತೇಳು. ಭಾಗಿಸಿದರೆ ಮೂರು ಉಳಿಯಿತು. ಸಿಂಹ! ಒಂದಿಂಚು ಯಾರ ಕಣ್ಣಿಗೆ ಬೀಳುತ್ತದೆ?

ಮೊದಲು ಗೋಡೆಯ ಕಣ್ಣಿಗೆ ಬಿತ್ತು. ನಾಯ್ಕರು ಬರುವ ದಿನ ಬೆಳಿಗ್ಗೆ ಚೌಕಟ್ಟು ಎತ್ತಿ ನಿಲ್ಲಿಸಿದರೆ ಗಂಡಿಯೊಳಗೆ ಹೋಗಲೊಲ್ಲದು.

"ಮರಾನ ಸ್ವಲ್ಪ ಹೆರೀರಿ," ಎಂದಳು ನೀಲಗಂಗವ್ವ.

"ಹೆರದ್ರ ಕಾಗಿ ಆಕ್ಕೈತಿ! ಗ್ವಾಡಿ ಕೆತ್ತತೇನಿ."

"ಆ ಗ್ವಾಡಿ ನಿಮ್ಮಜ್ಜನ ಕಾಲದ್ದು. ಕೆಮ್ಮಿದ್ರ ಉದರತೈತಿ."

"ಹಂಗಾರ ಕೆಮ್ಮಬ್ಯಾಡ!" ಎಂದು ಗದರಿಸಿ ಹಾರೆ ಹಿಡಿದೆ.

ಎಡಕ್ಕೆ ಅರ್ಧ ಇಂಚು, ಬಲಕ್ಕೆ ಅರ್ಧ ಇಂಚು, ಮೇಲೊಂದಿಂಚು. ಹೂವು ಬಿಡಿಸಿದ ಹಾಗೆ ಕೆತ್ತಿದೆ. ಚೌಕಟ್ಟು ಕೂತಿತು! ಅದರ ಬುಡದ ಗೂಟಗಳು ಹೊಸ್ತಿಲ ಕಲ್ಲಿನ ಕುಳಿಗೆ ಇಳಿದವು, ನೆತ್ತಿ ಮಾಡಿನ ತೊಲೆಗೆ ಕಚ್ಚಿಕೊಂಡಿತು. ಬಾಗಿಲು ತೂಗುಹಾಕಿ, ಚಿಲಕ ಜಡಿದು, ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಆಗ ಎಡಗೋಡೆಯೊಳಗಿಂದ ಒಂದು ಹೆಗ್ಗಣ ಓಡಿಬಂತು. ಅದರ ಹಿಂದೆ ಇನ್ನೊಂದು. ಮನೆ ಖಾಲಿ ಮಾಡುವವರ ಅವಸರವಿತ್ತು ಅವುಗಳಿಗೆ! ಅವುಗಳ ಹಿಂದೆ ಗೋಡೆಯೇ ಬಂತು. ಗೋಡೆಯ ಜೊತೆಗೆ ಗೂಡಿನಲ್ಲಿದ್ದ ಉಪ್ಪಿನಕಾಯಿ ಜಾಡಿ ಬಂತು. ಇದೆಲ್ಲ ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಯ ಮೇಲೆ ಬಂತು. ಸದ್ದಿಗೆ ಬೆದರಿದ ನೆರೆಮನೆ ಗೌರಕ್ಕನ ಕರು ಹಗ್ಗ ಹರಿದುಕೊಂಡು, ಸಂಡಿಗೆಯ ಚಾಪೆಯನ್ನು ಕೊರಳಿಗೆ ಹಾಕಿಕೊಂಡು ಊರೆಲ್ಲ ಮೆರೆಯಿತು. ಚಾಪೆಯ ಹಿಂದೆ ಕೋಳಿಗಳು, ಕೋಳಿಗಳ ಹಿಂದೆ ಊರ ಜನ!

ಧೂಳು ಇಳಿದಾಗ ಬಲಗೋಡೆಯೂ ಮೊಣಕಾಲಿನ ಮಟ್ಟಕ್ಕೆ ಬಂದಿತ್ತು. ಮಾಡು ಕಂಬಗಳ ಮೇಲಿದ್ದದ್ದರಿಂದ ಉಳಿಯಿತು. ಅದರ ಕೆಳಗೆ, ಆಚೆ ಗೋಡೆಯಿಲ್ಲದೆ, ಈಚೆ ಗೋಡೆಯಿಲ್ಲದೆ, ನನ್ನ ಬಾಗಿಲು ಒಂದೇ ನಿಂತಿತ್ತು.

ಅಷ್ಟರಲ್ಲಿ ಬಸ್ಸು ಇಳಿದು ನಾಯ್ಕರು ಬಂದರು. ಬಿದ್ದ ಗೋಡೆ ನೋಡಿದರು, ನಿಂತ ಬಾಗಿಲು ನೋಡಿದರು. ಪಕ್ಕದಿಂದ ಹತ್ತು ಜನ ಒಟ್ಟಿಗೆ ಒಳಹೋಗುವಷ್ಟು ಜಾಗವಿದ್ದರೂ ಆ ದೊಡ್ಡ ಮನುಷ್ಯರು ಮರ್ಯಾದೆಯಿಂದ ಬಾಗಿಲು ತಟ್ಟಿದರು. ನೀಲಗಂಗವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲು ತೆರೆದು, "ಬರ್ರಿ, ಒಳಗ ಬರ್ರಿ," ಎಂದಳು!

ನಾಯ್ಕರು ಚೌಕಟ್ಟಿಗೆ ಹೆಗಲು ಕೊಟ್ಟು ನೂಕಿದರು. ಅಲುಗಲಿಲ್ಲ. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟರು. ಕೂದಲಷ್ಟೂ ಓರೆಯಿಲ್ಲ. ಒಂದೇ ಬೆರಳಿನಿಂದ ಬಾಗಿಲು ದೂಡಿದರು. ಸದ್ದಿಲ್ಲದೆ ಹೋಗಿ ಕೂತಿತು.

"ಭೇಷ್!" ಎಂದು ಲೇಖನಿ ತೆಗೆದರು. ನನ್ನ ಒಂದು ಕಾಲು ಹಡಗಿನ ಮೇಲಿತ್ತು! ಆಮೇಲೆ ಟೇಪು ತೆಗೆದರು.

"ಎಪ್ಪತ್ತೊಂಬತ್ತು? ಮೂವತ್ತೇಳು? ನಾನು ಬರೆದುಕೊಟ್ಟದ್ದು ಎಂತ?"

"ಅದು ಕಾಗಿ ಆಯ ಇತ್ರಿ ಸಾಹೇಬ್ರ. ಇದು ಸಿಂಹ."

"ಮಾರಾಯ, ವಿಲಾಯತಿಯಲ್ಲಿ ನಿನ್ನ ಸಿಂಹ ಯಾರಿಗೆ ಬೇಕು? ಅಲ್ಲಿ ನಕ್ಷೆ ಹೇಳಿದಷ್ಟೇ ಮಾಡಬೇಕು. ಈಗಲೇ ಒಂದೊಂದಿಂಚು ಕೊಯ್ದು ತೆಗೆ, ನಿಂತಲ್ಲೇ 'ಬಿ' ವರ್ಗಕ್ಕೆ ಬರೆದು ಕೊಡ್ತೆ."

ಕರುವಿನ ಬೆನ್ನು ಬಿಟ್ಟು ಊರಿಗೆ ಊರೇ ಅಂಗಳದಲ್ಲಿ ನೆರೆದಿತ್ತು. ಗರಗಸ ನನ್ನ ಕಾಲ ಬಳಿಯೇ ಇತ್ತು. ನೀಲಗಂಗವ್ವ ಬಾಗಿಲ ಮೇಲೆ ಇಟ್ಟ ಕೈಯನ್ನು ತೆಗೆಯಲಿಲ್ಲ.

"ಆಗೂದಿಲ್ರಿ," ಎಂದೆ. "ಸಿಂಹದ ಬಾಲಾ ಕೊಯ್ದು ಕಾಗಿ ಮಾಡೋ ವಂಶ ಅಲ್ಲ ನಮ್ಮದು."

ನಾಯ್ಕರು ನನ್ನನ್ನೇ ನೋಡಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಲೇಖನಿ ಜೇಬಿಗೆ ಹೋಯಿತು.

"ಚೀಟಿ ಇಲ್ಲ ಹಾಗಾದರೆ. ಆದರೆ ಸಿದ್ದಾಪುರದ ನನ್ನ ಮನೆಗೆ ಬಾಗಿಲು ನೀನೇ ಮಾಡಬೇಕು. ನಕ್ಷೆ ನಾನು ಕೊಡೋದಿಲ್ಲ!"

ಜನ ಹೋ ಎಂದು ಕೂಗಿದರು! ಅಲ್ಲೇ ಇಬ್ಬರು ತಮ್ಮ ಮನೆಗೂ ಬಾಗಿಲು ಮಾಡಲು ಹೇಳಿದರು. ಯಲ್ಲಾಪುರದಿಂದ ನೆಂಟರ ಮನೆಗೆ ಬಂದಿದ್ದವರೊಬ್ಬರು ನಾಲ್ಕು ಕಿಟಕಿಯನ್ನೂ ಸೇರಿಸಿದರು. ವಿಲಾಯತಿ ಕೈಬಿಟ್ಟ ಐದೇ ನಿಮಿಷದಲ್ಲಿ ಮೂರು ತಾಲ್ಲೂಕು ನನ್ನ ಕೈಗೆ ಬಂತು. ನಾಯ್ಕರನ್ನು ಬಸ್ಸು ಹತ್ತಿಸಿ, ಮೀಸೆ ತಿರುವುತ್ತ ಮನೆಗೆ ಬಂದೆ.

ಬಾಗಿಲು ಹಾಕಿತ್ತು. ತಟ್ಟಿದೆ.

"ಯಾರದು?"

"ನಾನs, ಬಾಗಲಾ ತಗಿ."

"ತಡೀರಿ. ಹದಿನೆಂಟು ವರ್ಷದಾಗ ಮೊದಲನೇ ಸಲ ಚಿಲಕ ಹಾಕ್ಕೊಂಡೇನಿ. ಕಣ್ತುಂಬ ನೋಡ್ಕೊಂತೇನಿ. ಸಮುದ್ರ ದಾಟಾಕ ಹೊಂಟವರಿಗೆ ಅಂಗಳದಾಗ ಒಂದು ಗಳಿಗಿ ನಿಂದ್ರಾಕ ಆಗೂದಿಲ್ಲೇನು?"

ಎಡಕ್ಕೆ ನಾಲ್ಕು ಹೆಜ್ಜೆ ಹಾಕಿದ್ದರೆ ನಾನು ಅಡಿಗೆಮನೆಯಲ್ಲಿರುತ್ತಿದ್ದೆ. ಕರು ಹಿಡಿದುಕೊಂಡು ವಾಪಸು ಬರುತ್ತಿದ್ದ ಗೌರಕ್ಕ ನನ್ನ ಪಾಡು ನೋಡಿ, ಮಣ್ಣಿನ ಗುಡ್ಡೆಯ ಮೇಲೆ ನಿಂತು ಕೈ ಚಾಚಿದಳು.

"ಅಯ್ಯ ಅಣ್ಣಾ, ಈ ಕಡಿಂದ ದಾಟಿ ಒಳಗ ಬಾರೋ. ಕೈ ಕೊಡ್ತೇನಿ, ಹಿಡಕೊ."

"ಬ್ಯಾಡವಾ," ಎಂದೆ, ಎದೆ ಸೆಟೆಸಿಕೊಂಡು. "ನಿನ್ನ ಕೈ ನೀನs ಇಟ್ಕೊ. ನಾ ಮಾಡಿದ ಬಾಗಲಾ ಇದು. ಆಕಿ ತಗಿಯೋಮಟಾ ನಾ ಇಲ್ಲೇ ನಿಂತಿರತೇನಿ."