ಇಲ್ಲದ ಮಹಡಿಯ ತೆರಿಗೆ

ಮೇ ಹನ್ನೊಂದು, ಸೋಮವಾರ. ರಾಯಚೂರಿನಲ್ಲಿ ನಲವತ್ತಮೂರು ಡಿಗ್ರಿ ಬಿಸಿಲು, ಗಾಳಿ ಹೆಸರಿಗೂ ಇಲ್ಲ.

ಹದಿನೆಂಟು ವರ್ಷಗಳಿಂದ ನಾನು ಮನೆ ತೆರಿಗೆ ವಸೂಲಿ ಮಾಡುತ್ತಿದ್ದೇನೆ. ಮೊದಲು ದೇವದುರ್ಗದಲ್ಲಿ, ಈಗ ಮಾನ್ವಿಯಲ್ಲಿ. ತೆರಿಗೆ ಕೇಳಲು ಬಾಗಿಲಿಗೆ ಬಂದವನ ಮುಂದೆ ಜನ ಬೇರೆಲ್ಲೂ ಆಡದ ಮಾತು ಆಡುತ್ತಾರೆ. ವಾರಕ್ಕೊಂದಾದರೂ ಇಂಥದ್ದು ನಡೆದೇ ನಡೆಯುತ್ತದೆ. ನನಗೆ ನಗು ಬರುವುದು ಮನೆಗೆ ಹೋದ ಮೇಲೆ. ಅಲ್ಲಿಯವರೆಗೆ, ಇವರಿಗೆ ಹೀಗೆ ಹೇಗೆ ಹೊಳೆಯಿತು ಎಂಬ ಯೋಚನೆ ಬಿಡುವುದಿಲ್ಲ.

ಆ ಸೋಮವಾರ ರಾಯಚೂರಿಗೆ ಹೋದದ್ದೂ ಈ ಯೋಚನೆಯ ಬೆನ್ನು ಹತ್ತಿಯೇ. ಸಣ್ಣ ಊರುಗಳ ನೌಕರರಿಗೆ ಒಂದು ವರ್ಷ ತೆರಿಗೆ ನೀತಿ ಓದಿಸುವ ವಿದ್ಯಾರ್ಥಿವೇತನವೊಂದಿದೆ. ಓದಿ ಮುಗಿಸಿದವರನ್ನು ತೆರಿಗೆಯ ನಿಯಮ ಬರೆಯುವ ವಿಭಾಗಕ್ಕೆ ತೆಗೆದುಕೊಳ್ಳುತ್ತಾರೆ. ವಯಸ್ಸು ನಲವತ್ತೈದು ದಾಟಿರಬಾರದು. ನನಗೆ ಆಗಸ್ಟಿಗೆ ನಲವತ್ತಾರು. ಅಂದಿನ ಸಂದರ್ಶನ ಕೈತಪ್ಪಿದರೆ ಇನ್ನೊಂದಿಲ್ಲ.

ಅರ್ಜಿ

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ‘ತೆರಿಗೆ ನೀತಿಯನ್ನು ಏಕೆ ಓದಬಯಸುತ್ತೀರಿ?’ ಮೂರು ದಿನ ಆ ಜಾಗ ಖಾಲಿಯೇ ಉಳಿಯಿತು. ನಾಲ್ಕನೆಯ ದಿನ ಹೆಂಡತಿ ರೊಟ್ಟಿ ಬಡಿಯುತ್ತ ಕೇಳಿದಳು.

“ಅದೇನ್ ಬರ್ಯಾಕತ್ತೀರಿ ಮೂರು ದಿನದಿಂದ?”

“ಟ್ಯಾಕ್ಸ್ ಯಾಕ ಹಾಕಬೇಕು, ಎಷ್ಟು ಹಾಕಬೇಕು, ಯಾರಿಗೆ ಹಾಕಬೇಕು, ಇದನ್ನ ಒಂದು ವರ್ಷ ಓದಬೇಕಂತ ಮಾಡೀನಿ.”

ರೊಟ್ಟಿ ಬಡಿಯುವ ಕೈ ನಿಂತಿತು.

“ಅಲ್ರೀ, ಹದಿನೆಂಟು ವರ್ಷ ಮಂದಿ ಬಾಗಲಾ ಬಡದು ಟ್ಯಾಕ್ಸ್ ಕೇಳೀರಿ. ಯಾಕ ಕೇಳಾಕತ್ತೀವಿ ಅನ್ನೋದು ಇನ್ನಾ ಗೊತ್ತಿದ್ದಿಲ್ಲೇನು?”

ಅರ್ಜಿಯಲ್ಲಿ ಇದನ್ನೇ ಸ್ವಲ್ಪ ಶುದ್ಧ ಕನ್ನಡದಲ್ಲಿ ಬರೆದು ಕಳಿಸಿದೆ. ಸಂದರ್ಶನಕ್ಕೆ ಕರೆ ಬಂತು.

ಎತ್ತಿನ ಜಾಗ

ದೇವದುರ್ಗದ ಹಳೆಯ ಮಣ್ಣಿನ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟುವ ಜಾಗ. ಅದಕ್ಕಿಂತ ಒಂದು ಮೊಳ ಎತ್ತರದಲ್ಲಿ ಮನುಷ್ಯರಿರುವ ಕಟ್ಟೆ. ಎಲ್ಲಕ್ಕೂ ಒಂದೇ ಸೂರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಒಂದು ಮನೆ ಅಳೆಯಲು ಹೋದೆ. ಒಬ್ಬ ಮುದುಕಿ ನನ್ನ ಟೇಪಿನ ಮೇಲೆ ಕಾಲಿಟ್ಟು ನಿಂತಳು.

“ಯಪ್ಪಾ, ಎತ್ತಿನ ಜಾಗಾ ಅಳೀಬ್ಯಾಡ. ಅವಕ್ಕ ಟ್ಯಾಕ್ಸ್ ಇಲ್ಲ.”

“ಯಾಕವ್ವಾ?”

“ಅವಕ್ಕ ಓಟ್ ಅದೇನು? ಓಟ್ ಇಲ್ಲದವರಿಗೆ ಎಲ್ಲೀ ಟ್ಯಾಕ್ಸೋ?”

ಇದೇ ವಾದಕ್ಕಾಗಿ ಒಂದು ಇಡೀ ದೇಶ ಯುದ್ಧಕ್ಕೆ ಇಳಿದದ್ದನ್ನು ನಾನು ಓದಿದ್ದೆ. ಮುದುಕಿ ಓದಿರಲಿಲ್ಲ. ಎತ್ತಿನ ಜಾಗವನ್ನು ತೆರಿಗೆಯಿಂದ ಬಿಟ್ಟು ಬೇರೆ ಬರೆದುಕೊಂಡೆ. ಗೆದ್ದ ಹುರುಪಿನಲ್ಲಿ ಅವಳು, ಎತ್ತುಗಳ ಪಕ್ಕದಲ್ಲಿದ್ದ ಒಂದು ಹೊರಸು ತೋರಿಸಿದಳು.

“ಇದರ ಜಾಗಾನೂ ಬಿಡು. ನಮ್ಮ ಮುದುಕ ಇಲ್ಲೇ ಮಲಗ್ತಾನ.”

“ಯವ್ವಾ, ಮುದುಕಗ ಓಟ್ ಅದ ಅಲ್ಲ?”

“ಅದ. ಯಾರಿಗೆ ಒತ್ತಬೇಕು ಅಂತ ಹೇಳಾಕಿ ನಾನು.”

ಹಲಗೆ

ಮಾನ್ವಿಗೆ ವರ್ಗವಾದ ವರ್ಷ, ಬಾಕಿದಾರರ ಮನೆ ಮುಂದೆ ಹಲಗೆ ಬಾರಿಸಬೇಕೆಂದು ನಮ್ಮ ಮೇಲಿನವರು ಹೇಳಿದರು. ಮರ್ಯಾದೆಗೆ ಅಂಜಿಯಾದರೂ ತೆರಿಗೆ ತುಂಬಲಿ ಎಂಬುದು ಅವರ ಲೆಕ್ಕಾಚಾರ. ಮೊದಲ ದಿನ ಒಂದು ಚಹಾದ ಹೋಟೆಲಿನ ಮುಂದೆ ನಿಂತೆವು. ಮಾಲೀಕನದು ನಾಲ್ಕು ವರ್ಷದ ಬಾಕಿ. ಹಲಗೆಯವರು ಇಬ್ಬರೂ ಒಳ್ಳೆಯ ಕೈಯವರು. ಹತ್ತು ನಿಮಿಷದಲ್ಲಿ ಓಣಿಯ ಮಂದಿ ಸೇರಿದರು. ಬಸ್ ಸ್ಟ್ಯಾಂಡಿನಿಂದಲೂ ಕೆಲವರು ಬಂದರು. ಬಂದವರು ನಿಂತು ನೋಡಿದರು, ಸಾಕಾದ ಮೇಲೆ ಕೂತು ನೋಡಿದರು. ಕೂತವರು ಚಹಾ ಹೇಳಿದರು.

ಮಾಲೀಕ ತಲೆ ತಗ್ಗಿಸಿದ್ದ. ನಾಚಿಕೆ ಇರಬೇಕು ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಚಿಲ್ಲರೆ ಎಣಿಸುತ್ತಿದ್ದ.

“ನಾಳೆ ಮತ್ತ ಬರ್ತೀವಿ ನೋಡ್ರಿ,” ಎಂದು ಗಟ್ಟಿಯಾಗಿ ಹೇಳಿದೆ.

“ಬರ್ರಿ ಸಾಹೇಬ್ರ,” ಎಂದ. “ಆದ್ರ ಸಂಜೀ ಐದಕ್ಕ ಬರ್ರಿ, ಮಿರ್ಚಿ ಕರಿಯೋ ಹೊತ್ತು. ಹಿಂಗ ನಾಕ್ ದಿನ ಬಂದ್ರೆಂದ್ರ ಬಾಕಿ ಪೂರಾ ತುಂಬ್ತೀನಿ.”

ಹೋದೆವು. ತುಂಬಿದ. ಮುಂದಿನ ವಾರ ಪಕ್ಕದ ಹೋಟೆಲಿನವನು ಕಚೇರಿಗೇ ಬಂದ. ತಾನೂ ಎರಡು ವರ್ಷದಿಂದ ತುಂಬಿಲ್ಲ, ತನ್ನ ಮುಂದೆ ಯಾಕೆ ಹಲಗೆ ಬಾರಿಸುವುದಿಲ್ಲ ಎಂದು ಜಗಳ ತೆಗೆದ.

ಮಹಡಿ

ಸಂದರ್ಶನದ ಕೋಣೆಯಲ್ಲಿ ಮೂವರು ಕೂತಿದ್ದರು. ನಡುವೆ ಇದ್ದವರು ಬೆಂಗಳೂರಿನಿಂದ ಬಂದ ನಿವೃತ್ತ ಅಧಿಕಾರಿ, ವಯಸ್ಸಾದ ಹೆಣ್ಣುಮಗಳು. ಕರೆಂಟು ಹೋಗಿತ್ತು. ಅವರು ನನ್ನ ಅರ್ಜಿಯಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದರು.

“ಜನ ತಮ್ಮ ಆಸ್ತಿಯನ್ನು ಕಡಿಮೆ ಯಾಕೆ ತೋರಿಸುತ್ತಾರೆ, ಹೇಳಿ.”

ಈ ಪ್ರಶ್ನೆಗೆ ಒಂದು ತಿಂಗಳು ಓದಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

“ಅದು ಪುಸ್ತಕಗಳಲ್ಲಿ ಇದೆ ಮೇಡಂ. ಹೆಚ್ಚು ಯಾಕೆ ತೋರಿಸುತ್ತಾರೆ ಅನ್ನುವುದು ಎಲ್ಲೂ ಸಿಗಲಿಲ್ಲ.”

“ಹೆಚ್ಚು ತೋರಿಸುವವರು ಯಾರಿದ್ದಾರ್ರೀ?” ಪಕ್ಕದವರು ನಕ್ಕರು.

“ಮಾನ್ವಿಯಲ್ಲಿ ಒಬ್ಬರಿದ್ದಾರೆ.”

ಅರ್ಜಿ ಬೀಸುವುದು ನಿಂತಿತು. ಹೇಳದೆ ಬೇರೆ ದಾರಿ ಇರಲಿಲ್ಲ.

ನಮ್ಮಲ್ಲಿ ಮನೆಯ ಅಳತೆಯನ್ನು ಮಾಲೀಕರೇ ಫಾರಂನಲ್ಲಿ ಬರೆದು, ಅದರಂತೆ ತೆರಿಗೆ ತುಂಬುತ್ತಾರೆ. ಕುರಿ ವ್ಯಾಪಾರಿಯೊಬ್ಬರು ಎರಡು ಅಂತಸ್ತು ಎಂದು ಬರೆದು ತಂದರು. ಅವರ ಮನೆ ನನಗೆ ಗೊತ್ತು. ಇರುವುದು ಒಂದೇ ಅಂತಸ್ತು. ಹೊರಗೆ ಮೆಟ್ಟಿಲು ಇವೆ, ಅವು ಹತ್ತಿ ಹೋಗುವುದು ಬಯಲು ತಾರಸಿಗೆ.

“ಯಜಮಾನ್ರ, ಮ್ಯಾಲಿನ ಮಹಡಿ ಎಲ್ಲದ?”

“ಮೆಟ್ಟಲ ಅದಾವಲ್ರೀ ಸಾಹೇಬ್ರ. ಮಹಡಿ ಬರ್ತದ.”

“ಬಂದಾಗ ಬರೀರಿ.”

“ಅಷ್ಟೊತ್ತಿಗೆ ನಮ್ಮ ಹುಡುಗನ ಲಗ್ನ ಮುಗದು ಹೋಗಿರ್ತದ.”

ವಿಷಯ ಆಗ ಹೊರಬಿತ್ತು. ಹೆಣ್ಣಿನ ಕಡೆಯವರು ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯವರು. ಅವರಿಗೆ ಇವರು ಎರಡು ಅಂತಸ್ತಿನ ಮನೆ ಎಂದು ಹೇಳಿಬಿಟ್ಟಿದ್ದರು. ಹೆಣ್ಣಿನ ತಂದೆ ಮನೆ ನೋಡಲು ಬರುವುದಿಲ್ಲ ಎಂದಿದ್ದರಂತೆ. “ಮನಿ ನೋಡಾಕ ಯಾಕ ಬರಬೇಕು? ಟ್ಯಾಕ್ಸ್ ತುಂಬಿದ ರಸೀದಿ ತೋರಸ್ರಿ ಸಾಕು. ಬಾಯಿಲೆ ಎಲ್ಲಾರೂ ಸುಳ್ಳು ಹೇಳ್ತಾರ. ಟ್ಯಾಕ್ಸ್ ಮಾತ್ರ ಯಾರೂ ಹೆಚ್ಚಿಗಿ ತುಂಬಂಗಿಲ್ಲ.”

ನಾನು ಫಾರಂ ವಾಪಸ್ ಕೊಟ್ಟೆ. ಇಲ್ಲದ್ದಕ್ಕೆ ತೆರಿಗೆ ತೆಗೆದುಕೊಳ್ಳಲು ಬರುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು.

“ಮುಚ್ಚಿಡೋರ ಹಿಂದ ಟೇಪ್ ಹಿಡಕೊಂಡು ಅಡ್ಡಾಡ್ತೀರಿ. ತಾನಾಗೇ ಕೊಡಾಕ ಬಂದಾವನ್ನ ಹೊಳ್ಳಿ ಕಳಸಾಕತ್ತೀರಿ. ಇದ್ಯಾವ ನಮೂನಿ ಸರ್ಕಾರ್ರೀ?”

ಮರುದಿನ ಅವರು ಕಂಪ್ಯೂಟರ್ ಅಂಗಡಿಗೆ ಹೋಗಿ ಅಲ್ಲಿಂದಲೇ ತುಂಬಿದರು. ಕಂಪ್ಯೂಟರು ಹಿಂದಿನ ವರ್ಷಕ್ಕಿಂತ ಅಳತೆ ಕಡಿಮೆಯಾದರೆ ತಡೆಯುತ್ತದೆ, ಹೆಚ್ಚಾದರೆ ಸುಮ್ಮನಿರುತ್ತದೆ. ರಸೀದಿ ಬಂತು, ಲಗ್ನವೂ ಆಯಿತು.

ಲಗ್ನದ ಮರುವಾರ ಆ ಮನೆಯಿಂದ ನನಗೆ ಕರೆ ಬಂತು. ಹೆಣ್ಣಿನ ತಂದೆ ಮಗಳನ್ನು ಬಿಡಲು ಬಂದವರು ಅಂಗಳದಲ್ಲೇ ನಿಂತಿದ್ದರು. ಕೈಯಲ್ಲಿ ರಸೀದಿ, ಕಣ್ಣು ಮೆಟ್ಟಿಲ ತುದಿಯಲ್ಲಿ. ಕುರಿ ವ್ಯಾಪಾರಿ ಗೋಡೆ ನೋಡುತ್ತಿದ್ದರು.

“ಬರ್ರಿ ಸಾಹೇಬ್ರ,” ಎಂದರು ಹೆಣ್ಣಿನ ತಂದೆ. “ಈ ರಸೀದಿ ಖರೇ ಅದನೋ, ಸುಳ್ಳೋ?”

“ರಸೀದಿ ಖರೇ ಅದರಿ.”

“ಹಂಗಾರ ಸರ್ಕಾರ ಸುಳ್ಳು ಹೇಳಂಗಿಲ್ಲ. ಮಹಡಿ ಕಳುವಾಗ್ಯದ.” ಅವರು ತಿರುಗಿ, “ಬೀಗರ, ಆರು ತಿಂಗಳದಾಗ ಹುಡುಕಿಸಿ ಕೊಡ್ರಿ. ಅಲ್ಲೀತನಕ ಮಗಳು ಗೂಗಲ್‌ನಾಗ ಇರ್ತಾಳ,” ಎಂದರು.

ಐದೇ ತಿಂಗಳಲ್ಲಿ ಮಹಡಿ ಸಿಕ್ಕಿತು. ಬಣ್ಣವನ್ನೂ ಬಳಿದಿದ್ದರು. ಈಗ ಮಗ ಸೊಸೆ ಅಲ್ಲಿಯೇ ಇದ್ದಾರೆ.

ಸಂದರ್ಶಕರು ಮೂವರೂ ನಗುತ್ತಿದ್ದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಆಸ್ತಿ ಇದ್ದಲ್ಲಿ ತೆರಿಗೆ ಬರುವುದನ್ನು ಮೂವತ್ತು ವರ್ಷ ನೋಡಿದ್ದೇನೆ. ತೆರಿಗೆ ತುಂಬಿದ್ದಕ್ಕೆ ಆಸ್ತಿ ಬಂದದ್ದನ್ನು ಇವತ್ತೇ ಕೇಳಿದ್ದು. ಇದನ್ನೇ ಓದಿ ನೀವು.”

ಅರ್ಜಿಯ ಕೊನೆಯ ಪುಟದಲ್ಲಿ ‘ಆಯ್ಕೆ’ ಎಂದು ಬರೆದು ಸಹಿ ಹಾಕಿದರು. ನಾನು ಕೈಮುಗಿದು ಎದ್ದೆ.

“ನಿಲ್ಲಿ. ಸಹಿ ಆಯಿತು, ಇನ್ನು ಹೆದರದೆ ನಿಜ ಹೇಳಿ. ಈಗ ಮಹಡಿ ನಿಜವಾಗಿಯೂ ಇದೆ. ಈ ವರ್ಷ ಆ ಮನುಷ್ಯ ಎಷ್ಟು ತುಂಬಿದ?”

“ಕೆಳಗಿನ ಮನೆಗೆ ಮಾತ್ರ ಮೇಡಂ, ಈ ಸಲ ಕಚೇರಿಗೇ ಬಂದು.”

“ಮಹಡಿಗೆ?”

“ಅದಕ್ಕೆ ಹೋದ ವರ್ಷವೇ ತುಂಬಿದ್ದೇನೆ ಎಂದರು. ಮುಂಚಿತವಾಗಿ ತುಂಬಿದವರಿಗೆ ಐದು ಪರ್ಸೆಂಟ್ ರಿಯಾಯಿತಿ ಇದೆಯಲ್ಲ, ಮಹಡಿ ಹುಟ್ಟುವ ಮೊದಲೇ ತುಂಬಿದ್ದಕ್ಕೆ ಅದನ್ನೂ ಮುರಿದುಕೊಂಡು ಉಳಿದದ್ದು ತುಂಬಿದರು.”